ಮಾಮಾ ತೆಗೆದ ತುಂಬೆ ಹೂವು

ನಮ್ಮ ಮಾಮಾನಿಗೆ ಮನುಷ್ಯರೇ ಕಾಣಿಸುತ್ತಿರಲಿಲ್ಲ! ಕಣ್ಣಿಗೇನೂ ಧಾಡಿಯಾಗಿರಲಿಲ್ಲ ಬಿಡಿ. ಇರುವೆಯ ಮೀಸೆ ಎಣಿಸುತ್ತಿದ್ದ. ಎದುರಿಗೆ ನಿಂತ ತನ್ನ ಆಫೀಸಿನ ಸಾಹೇಬರಿಗೆ ಮಾತ್ರ "ಸ್ವಲ್ಪ ಸರೀರಿ, ನೆಳ್ಳು ಬೀಳಾಕತ್ತೈತಿ" ಅನ್ನುತ್ತಿದ್ದ. ಅವ್ವನ ತಮ್ಮ, ಬ್ರಹ್ಮಚಾರಿ, ಖಾಸಬಾಗದ ನಮ್ಮ ಮನೆಯಲ್ಲೇ ಇದ್ದ. ಎಪ್ಪತ್ತರ ದಶಕದಲ್ಲಿ ಒಂದು ಹಳೆಯ ಕ್ಯಾಮೆರಾ ಕೊಂಡು, ಅದರ ಲೆನ್ಸನ್ನು ಉಲ್ಟಾ ತಿರುಗಿಸಿ ಟೇಪು ಸುತ್ತಿದ. ಹಾಗೆ ಮಾಡಿದರೆ ಸಾಸಿವೆಯಷ್ಟು ಹೂವು ಸೇವಂತಿಯಷ್ಟು ಕಾಣುತ್ತದಂತೆ!

"ಲೆನ್ಸ್ ಅಷ್ಟ ಅಲ್ಲ, ಇವನ ತಲಿನೂ ಉಲ್ಟಾ ಐತಿ" ಎಂದು ಅವ್ವ ಹಣೆ ಬಡಿದುಕೊಂಡಳು.

ಅಕ್ಕನಿಗೆ ಒಂದು ಸಂಬಂಧ ಬಂತು. ಹುಡುಗಿಯ ಫೋಟೋ ಕೇಳಿದ್ದರು. ಮನೆಯಲ್ಲೇ ಫೋಟೋಗ್ರಾಫರ್ ಇರುವಾಗ ಸ್ಟುಡಿಯೋಕ್ಕೆ ಯಾಕೆ ಹೋಗಬೇಕು ಹೇಳಿ? ಮಾಮಾ ಅಕ್ಕನನ್ನು ಅಂಗಳದಲ್ಲಿ ಕೂರಿಸಿ ಅರ್ಧ ತಾಸು ಒದ್ದಾಡಿದ, ತಾನೇ ಲಕೋಟೆ ಅಂಟಿಸಿ ಕಳಿಸಿದ. ಎಂಟು ದಿನಕ್ಕೆ ಹುಡುಗನ ಅಪ್ಪನ ಕಾರ್ಡು ಬಂತು: "ಜಡಿಯೊಳಗಿನ ಅಬ್ಬಲಿಗಿ ಹೂವು ಪಸಂದ ಬಂದೈತಿ. ಹುಡಿಗಿ ಫೋಟೋನೂ ಕಳಸ್ರಿ." ಅಕ್ಕ ಎರಡು ದಿನ ಊಟ ಬಿಟ್ಟಳು.

ಇನ್ನೊಮ್ಮೆ ಮಾಮಾ ಓಣಿಯ ಗಟಾರದ ದಂಡೆಯಲ್ಲಿ ಬೋರಲು ಬಿದ್ದಿದ್ದ. ಬಾಜು ಮನೆಯ ಕಾಕು "ಅಯ್ಯ, ಫಿಟ್ಸ್ ಬಂದಾವ್ರೀ!" ಎಂದು ಚೀರಿ, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಳು. ಮಾಮಾ ಅಲುಗಾಡದೆ, "ಕೈ ತಗೀರಿ ಕಾಕು, ಹೂವು ಅಳ್ಳಾಡತೈತಿ!" ಅಂದ. ಓಣಿಯೆಲ್ಲ ನಕ್ಕಿತು. ನಾನು ಬಾಗಿಲ ಹಿಂದೆ ನಿಂತು ನಾಚಿಕೆಯಿಂದ ಸತ್ತೆ.

ಆದರೆ ಖರೇ ನಾಚಿಕೆ ಪಡಬೇಕಾದ್ದು ಮುಂದಿತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ ನಮ್ಮ ಸರ್ ಗಿಡಗಳನ್ನು ತೋರಿಸಲು ನಮ್ಮನ್ನು ಖಾನಾಪುರಕ್ಕೆ ಕರೆದೊಯ್ದರು. ಅಲ್ಲಿ ರಸ್ತೆ ಪಕ್ಕದ ರಾಡಿಯಲ್ಲಿ ಯಾರೋ ಬೋರಲು ಬಿದ್ದಿದ್ದಾರೆ. ಅಂಗಿಯ ಬೆನ್ನು ಕಂಡೊಡನೆ ಗುರುತು ಹಿಡಿದೆ. ಮಾಮಾ!

"ಯಾರವಾ ಇವ, ಕುಡದು ಬಿದ್ದಾನೇನ?" ಗೆಳತಿ ಕಿಸಕ್ಕೆಂದಳು.

"ಯಾರಿಗ್ಗೊತ್ತವಾ!" ಅಂದೆ. ಅಂದೇ ಬಿಟ್ಟೆ ನೋಡಿ!

ಮಾಮಾ ತಲೆ ಎತ್ತಿದ. ನನ್ನನ್ನು ನೋಡಿದ. ಎದ್ದು ಕೆಸರು ಒರೆಸಿಕೊಂಡು, "ತುಂಬಿ ಹೂವಿಂದು ಫೋಟೋ ತಗೀಲಿಕ್ಕೆ ಬಂದೀನ್ರಿ" ಎಂದು ಸರ್ ಅವರಿಗೆ ಕೈ ಮುಗಿದ. ಆಮೇಲೆ ನನ್ನತ್ತ ತಿರುಗಿ, "ಅಲ್ಲಿ ರಾಡಿ ಐತ್ರಿ ಅಕ್ಕಾರ, ಸಂಭಾಳಿಸಿ ನಡೀರಿ" ಅಂದ. ಹೆಗಲ ಮೇಲೆ ಹೊತ್ತು ನನ್ನನ್ನು ಶಾಲೆಗೆ ಬಿಡುತ್ತಿದ್ದವನು ಗುರುತಿಲ್ಲದವರ ಹಾಗೆ ನನಗೆ ಅಕ್ಕಾರ ಅಂದ!

ಸಂಜೆ ಮಾಮಾನ ಮುಂದೆ ಚಹಾ ಇಟ್ಟು ಒಳಗೆ ಹೊರಟೆ. ಅವನೇ ಮೆಲ್ಲಗೆ, "ನೀ ಶಾಣ್ಯಾಕಿ ಅದೀ. ಮಾತಾಡಿಸಿದ್ದರ ಹೂವಿನ ಮ್ಯಾಲಿನ ಜೇನಹುಳ ಹಾರಿ ಹೋಗತಿತ್ತು" ಅಂದ. ನಾನು ನಂಬಿದೆ. ಎಂಥ ಹಗುರಾಯಿತು! ಎರಡು ಹೋಳಿಗೆ ಹೆಚ್ಚೇ ತಿಂದು ಮಲಗಿದೆ.

ಹದಿನೈದು ದಿನಕ್ಕೆ ಫೋಟೋ ತೊಳೆದು ಬಂದವು. ತುಂಬೆ ಹೂವಿನ ಒಂದೊಂದು ನವಿರೂ ಎಣಿಸುವಂತಿತ್ತು. ಜೇನುಹುಳ ಹುಡುಕಿದೆ. ಒಂದೊಂದಾಗಿ ಅಷ್ಟನ್ನೂ ತಿರುವಿ ಹಾಕಿದೆ. ಹುಳ ಯಾವುದರಲ್ಲೂ ಇರಲಿಲ್ಲ.

"ಮಾಮಾ, ನಂದು ತಪ್ಪಾತು" ಅಂದೆ.

ಮಾಮಾ ಫೋಟೋವನ್ನು ಬೆಳಕಿಗೆ ಹಿಡಿದ. "ಹೂವು ಛಲೋ ಬಂದೈತಿ, ನೋಡವಾ" ಅಂದ.