ಹರಿಣಿ ನಿಂತುಹೋದದ್ದು ಮತ್ತು ತಮ್ಮ ಏಳನೇ ವೈಫೈ

ತರಂಗಮಾಲಾ ಬ್ರಾಡ್‌ಬ್ಯಾಂಡ್ ಸಂಸ್ಥೆಯ ಉನ್ನತೀಕರಣ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ, ವಿಶಾಖಪಟ್ಟಣ

ಮಾನ್ಯರೇ,

ತಾವೂ ತಮ್ಮ ಕೇಬಲ್ಲುಗಳೂ ಕ್ಷೇಮವೆಂದು ನಂಬಿ, ಹದಿನೇಳು ದಿನಗಳಲ್ಲಿ ತಮ್ಮ ವಿಭಾಗದಿಂದ ಇಪ್ಪತ್ತೆರಡು ಕರೆಗಳನ್ನು ಸ್ವೀಕರಿಸುವ ಭಾಗ್ಯ ಪಡೆದ ಗ್ರಾಹಕ ಅಶ್ವತ್ಥನು ಮಾಡುವ ನಮಸ್ಕಾರಗಳು. ದಾವಣಗೆರೆಯಲ್ಲಿರುವ ನನ್ನ ಸ್ವಂತ ಅಣ್ಣ ವರ್ಷಕ್ಕೆ ಎರಡು ಸಲ ಫೋನ್ ಮಾಡುತ್ತಾನೆ. ಹಾಗಿರುವಾಗ ತಮ್ಮ ಮಮತೆಯನ್ನು ಏನೆಂದು ಬಣ್ಣಿಸಲಿ!

ನಾನು ಬ್ಯಾಂಕ್ ಅಧಿಕಾರಿ, ವರ್ಗಾವಣೆಯ ಕೃಪೆಯಿಂದ ಎರಡು ವರ್ಷಗಳಿಂದ ವಿಜಯವಾಡದ ಗವರ್ನರ್‌ಪೇಟೆ ಶಾಖೆಯಲ್ಲಿದ್ದೇನೆ. ಹೆಂಡತಿ ಪದ್ಮಾ ವಿಶಾಖಪಟ್ಟಣದ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿರುವುದರಿಂದ ಅವಳೂ ಹದಿಮೂರರ ಮಗಳು ಹರಿಣಿಯೂ ಸೀತಮ್ಮಧಾರದ ಮನೆಯಲ್ಲೇ ಉಳಿದರು. ದಿನಾ ಸಂಜೆ ಆರೂವರೆಗೆ ಮಗಳು ವಿಡಿಯೊ ಕರೆಯಲ್ಲಿ ನನ್ನೊಡನೆ ಕನ್ನಡ ಮಾತಾಡಬೇಕೆಂಬುದು ನಾನು ಮಾಡಿದ ನಿಯಮ. ಶಾಲೆ, ಗೆಳತಿಯರು, ಲಿಫ್ಟಿನ ಹರಟೆ ಎಲ್ಲವೂ ತೆಲುಗಾಗಿರುವಾಗ ಅವಳ ಕನ್ನಡವನ್ನು ಕಾಯಲು ನನ್ನನ್ನು ಬಿಟ್ಟರೆ ಯಾರಿದ್ದಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಪದ್ಮಾಳ ಅಭಿಪ್ರಾಯವನ್ನು ನಾನು ಕೇಳಿರಲಿಲ್ಲ.

ಹೀಗಿರಲು, ಕಳೆದ ಜುಲೈನಿಂದ ಮಾತಿನ ನಡುವೆ ಹರಿಣಿಯ ಮುಖ ನಿಂತುಹೋಗತೊಡಗಿತು. ಬಾಯಿ ಅರ್ಧ ತೆರೆದು, ರೆಪ್ಪೆ ಮಿಟುಕಿಸದೆ, ಫೋಟೊ ಹಿಡಿದಂತೆ! ನಾನು "ಹಲೋ ಹಲೋ" ಎಂದು ಕೂಗಿ, ಬೇಸತ್ತು, ಕರೆ ಮುಗಿಸುತ್ತಿದ್ದೆ. ದೂರು ಕೊಟ್ಟಾಗ ತಮ್ಮ ವಿಭಾಗದ ಸಾಯಿಲಕ್ಷ್ಮಿಯವರು ಫೋನಿನಲ್ಲೇ, ರೋಗಿಯನ್ನು ನೋಡದೆಯೇ ರೋಗವನ್ನು ಹೇಳಿದರು: ನಮ್ಮದು ಐದನೇ ವೈಫೈ, ಈಗ ಲೋಕವೆಲ್ಲ ಏಳಕ್ಕೆ ಬಂದಿದೆ. ನಡುವಿನ ಆರು ಏನಾಯಿತೆಂದು ಕೇಳುವ ಅಸಭ್ಯತೆಯನ್ನು ನಾನು ತೋರಲಿಲ್ಲ. ಹರಿಣಿಯ ಹಳೆಯ ಫೋನಿಗೆ ಏಳನೆಯದು ಅರ್ಥವಾಗುತ್ತದೆಯೇ ಎಂದು ಮಾತ್ರ ವಿಚಾರಿಸಿದೆ. ಆಗುವುದಿಲ್ಲ, ಆದರೆ ಫೋನನ್ನೂ ಬದಲಾಯಿಸಿದರೆ ಆಗುತ್ತದೆ ಎಂದರು. ಗವರ್ನರ್‌ಪೇಟೆಯಲ್ಲಿ ರಸ್ತೆ ಅಗಲ ಮಾಡಿ, ಅದರ ಮೇಲೆ ಓಡಲು ಆಟೋದವನಿಗೆ ವಿಮಾನ ಕೊಂಡುಕೋ ಎಂದಂತಿದ್ದ ಈ ತರ್ಕಕ್ಕೆ ನಾನು ಮನಸಾರೆ ತಲೆದೂಗಿದೆ.

ಹತ್ತು ದಿನ ಯೋಚಿಸಿದೆ. ಬೇಕು ಎಂದು ಮೂರು ಸಲ, ಬೇಡ ಎಂದು ನಾಲ್ಕು ಸಲ ನಿರ್ಧರಿಸಿದೆ. ಕೊನೆಗೆ ತಾವೇ ದಯೆಯಿಟ್ಟು, ಒಂದು ವಾರ ಪರೀಕ್ಷಿಸಿ ನೋಡಿ ಎಂದು ಏಳನೇ ವೈಫೈಯ ಹೊಸ ಪೆಟ್ಟಿಗೆಯೊಡನೆ ಸೀತಮ್ಮಧಾರದ ಮನೆಗೆ ತಂತ್ರಜ್ಞೆ ಗಂಗಾಭವಾನಿಯವರನ್ನು ಕಳುಹಿಸಿದಿರಿ. ಅವರು ಪೆಟ್ಟಿಗೆ ಕೂರಿಸಿ, ನನಗೆ ಕರೆ ಮಾಡಿಸಿ, ಹರಿಣಿಯ ಪಕ್ಕದಲ್ಲೇ ನಿಂತರು.

"ಅಪ್ಪಾ, ನನ್ನನ್ನ ಥ್ರೋಬಾಲ್ ಟೀಮಿಂದ ತೀಸೇಸಿದ್ರು" ಎಂದಳು ಹರಿಣಿ.

"ತೀಸೇಸಿದ್ರು ಅಲ್ಲಮ್ಮ, ತೆಗೆದುಹಾಕಿದ್ರು. ಎಲ್ಲಿ, ಇನ್ನೊಂದ್ಸಲ ಹೇಳು" ಎಂದೆ ನಾನು.

ಮುಖ ನಿಂತುಹೋಯಿತು. ಆದರೆ, ಮಾನ್ಯರೇ, ಅವಳ ಹಿಂದೆ ಕಿಟಕಿಯ ಪರದೆ ಗಾಳಿಗೆ ಹಾರಾಡುತ್ತಲೇ ಇತ್ತು! ಮಗಳನ್ನು ನಿಲ್ಲಿಸಿ ಪರದೆಯನ್ನು ಮಾತ್ರ ರವಾನಿಸುವ ಈ ತಂತ್ರಜ್ಞಾನಕ್ಕೆ ನಾನು ಬೆರಗಾಗಿ ಕುಳಿತಿರುವಾಗ, ಗಂಗಾಭವಾನಿಯವರು ಯಂತ್ರವನ್ನೊಮ್ಮೆ ಮಗುವನ್ನೊಮ್ಮೆ ನೋಡಿ, "ನೆಟ್ ಬಾಗಾನೇ ಉಂದಂಡಿ. ಪಾಪೇ ಆಗಿಪೋಯಿಂದಿ" ಎಂದರು. ನೆಟ್ ಚೆನ್ನಾಗಿಯೇ ಇದೆ, ನಿಂತುಹೋಗಿರುವುದು ಮಗು. ತಮ್ಮ ಇಡೀ ವಿಭಾಗ ಇಪ್ಪತ್ತೆರಡು ಕರೆಗಳಲ್ಲಿ ಹೇಳದಿದ್ದುದನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ, ಚೀಲ ಹೆಗಲಿಗೇರಿಸಿದರು.

ಆಮೇಲೆ ಫೋನಿನ ಪರದೆಯ ಮೇಲೆ ಪದ್ಮಾ ಬಂದಳು. "ರೀ, ಮೂರು ದಿನದಿಂದ ಅಳ್ತಿದಾಳೆ ಅವಳು. ನೀವು ನೋಡಿದ್ರೆ ವ್ಯಾಕರಣ ಹೇಳ್ತೀರಿ" ಎಂದಷ್ಟೇ ಹೇಳಿ ಕರೆ ಕಡಿದಳು. ಅದರಲ್ಲಿ ತಾಂತ್ರಿಕ ದೋಷವೇನೂ ಇರಲಿಲ್ಲ.

ಶನಿವಾರ ಬೆಳಗಿನ ರೈಲು ಹಿಡಿದು ಮನೆಗೆ ಹೋದೆ. ಹರಿಣಿ ಬಾಲ್ಕನಿಯಲ್ಲಿ ಬೂಟಿನ ಮಣ್ಣು ಕೆರೆಯುತ್ತಿದ್ದಳು. ಕರೆಯಲ್ಲಿ ಯಾಕೆ ಹಾಗೆ ನಿಂತುಬಿಡ್ತಿದ್ದೆ ಎಂದು ಕೇಳಿದೆ.

"ನೀನು ಮಾತಾಡಲ್ಲ ಅಪ್ಪಾ, ತಿದ್ತೀಯ. ಸುಮ್ನೆ ಹಂಗೆ ನಿಂತ್ರೆ ನೀನೇ ಕಟ್ ಮಾಡ್ತೀಯ."

ಟೀಮಿನಿಂದ ಯಾಕೆ ತೆಗೆದರೆಂದು ಕೇಳಿದೆ. ಅಭ್ಯಾಸ ಏಳರವರೆಗೆ ಇರುತ್ತದಂತೆ. ನನ್ನ ಆರೂವರೆಯ ಕರೆಗಾಗಿ ಅವಳು ದಿನಾ ಅರ್ಧಕ್ಕೇ ಬಿಟ್ಟು ಓಡಿಬರುತ್ತಿದ್ದಳಂತೆ. "ಪೂರ್ತಿ ಉಂಡದವರು ಬೇಡ ಅಂದ್ರು ಕೋಚ್" ಎಂದಳು. ಉಂಡದವರು ಅಲ್ಲ, ಇರದವರು ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. ಮುಕ್ಕಾಲು ಗಂಟೆ ಅವಳು ಮಾತಾಡಿದಳು, ಅಳುತ್ತಾ, ಮೂಗೊರೆಸಿಕೊಳ್ಳುತ್ತಾ, ಕೊನೆಗೆ ಕೋಚನ್ನು ಅಣಕಿಸಿ ನಗುತ್ತಾ. ಹನ್ನೊಂದು ತಪ್ಪುಗಳಾದವು. ಹನ್ನೊಂದನ್ನೂ ನುಂಗಿದೆ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಬೇರೆಯವರ ಕರಡುಗಳ ಮೇಲೆ ಕೆಂಪು ಗೀಟು ಎಳೆದವನಿಗೆ ಇದೇನೂ ಸಣ್ಣ ಉಪವಾಸವಲ್ಲ.

ಸೋಮವಾರ ರಜೆ ಹಾಕಿ ಶಾಲೆಗೆ ಹೋಗಿ, ತಪ್ಪು ಹುಡುಗಿಯದಲ್ಲ, ನನ್ನದು ಎಂದು ಕೋಚ್ ಎದುರು ಒಪ್ಪಿಕೊಂಡೆ. ಸದ್ಯಕ್ಕೆ ಹೆಚ್ಚುವರಿ ಆಟಗಾರ್ತಿಯಾಗಿ ಸೇರಿಸಿಕೊಂಡಿದ್ದಾರೆ. ಈಗ ಕರೆ ಮಾಡುವವಳು ಅವಳೇ, ಅವಳಿಗೆ ಬೇಕೆನಿಸಿದಾಗ. ನಿನ್ನೆ ಮಾಡಲಿಲ್ಲ. ಮೊನ್ನೆ ಎರಡು ಸಲ ಮಾಡಿದ್ದಳು.

ಆದಕಾರಣ ಹೊಸ ಪೆಟ್ಟಿಗೆಯನ್ನು ಗೌರವಪೂರ್ವಕವಾಗಿ ಹಿಂದಿರುಗಿಸಿದ್ದೇನೆ. ಐದನೆಯದೇ ನಮಗೆ ಸಾಕು. ಆದರೂ ಮುನ್ನೂರೈವತ್ತು ಕಿಲೋಮೀಟರ್ ದೂರಕ್ಕೆ ಮುಖವನ್ನೇ ಮುಟ್ಟಿಸಬಲ್ಲ ತಮಗೆ ಅಸಾಧ್ಯವಾದುದು ಯಾವುದಿದೆ? ಮುಂದಿನ ವೈಫೈಯಲ್ಲಿ ಅಪ್ಪನ ಕಿವಿ ಸಮಯಕ್ಕೆ ಸರಿಯಾಗಿ ತಲುಪಿ, ಬಾಯಿ ಮಾತ್ರ ಹತ್ತು ನಿಮಿಷ ತಡವಾಗಿ ತಲುಪುವ ಏರ್ಪಾಟು ಮಾಡಿದಲ್ಲಿ, ಅಂದೇ ಉನ್ನತೀಕರಣಗೊಳ್ಳಲು ನಾನು ಸಿದ್ಧ.

ಐದರಲ್ಲೇ ತೃಪ್ತನಾದ, ತಮ್ಮ ವಿಶ್ವಾಸಿ,
ಅಶ್ವತ್ಥ
ವಿಜಯವಾಡ

ತಾ.ಕ.: ಗ್ರಾಹಕರಿಗೆ ನಿಜ ಹೇಳಿದ ಅಪರಾಧಕ್ಕಾಗಿ ಗಂಗಾಭವಾನಿಯವರಿಗೆ ತಾವು ನೋಟಿಸ್ ಬರೆಯುತ್ತಿದ್ದರೆ ಅದರ ಕರಡನ್ನು ಮೊದಲು ನನಗೆ ಕಳುಹಿಸಿಕೊಡಿ. ಮಗಳ ವಿಷಯದಲ್ಲಿ ಬಿಟ್ಟ ತಿದ್ದುವ ಚಟವನ್ನು ಎಲ್ಲಾದರೂ ತೀರಿಸಿಕೊಳ್ಳಬೇಕಲ್ಲ.