ಕಿಟಕಿ ಕೆಳಗಿನ ಬೆಂಚು

ಬಡಾವಣೆಯ ಸಂಘದವರು ಬೀದಿಗೊಂದು ಬೆಂಚು ತಂದ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಬೇಕರಿಯವನೇ. ಆಮೇಲೆ ಅದನ್ನು ಇಳಿಸಿದ್ದು ಅವನ ಮಲಗುವ ಕೋಣೆಯ ಕಿಟಕಿಯ ಕೆಳಗೆ. ತಟ್ಟಿದ ಚಪ್ಪಾಳೆಯನ್ನು ವಾಪಸ್ ತೆಗೆದುಕೊಳ್ಳುವ ದಾರಿ ಅವನಿಗೆ ತಿಳಿಯಲಿಲ್ಲ.

ಬೇಕರಿಯವನದು ರಾತ್ರಿ ಕೆಲಸ. ಊರೆಲ್ಲ ಮಲಗಿದಾಗ ಅವನು ಒಲೆಯ ಮುಂದೆ ನಿಂತು ಬ್ರೆಡ್ಡು ಬೇಯಿಸುತ್ತಿದ್ದ. ಊರು ಎದ್ದಾಗ ಮನೆಗೆ ಬಂದು, ಕಿಟಕಿಗೆ ಕಂಬಳಿ ಇಳಿಬಿಟ್ಟು ಮಲಗುತ್ತಿದ್ದ. ಸರಿಯಾಗಿ ಕಣ್ಣು ಅಂಟುವ ಹೊತ್ತಿಗೆ ಬೆಂಚಿನ ಮೇಲೆ ಸಂಘದ ಸಭೆ ಶುರುವಾಗುತ್ತಿತ್ತು. ಅಧ್ಯಕ್ಷರು ನಿವೃತ್ತ ಡ್ರಿಲ್ ಮೇಷ್ಟ್ರು. ಅವರು ಗುಟ್ಟಾಗಿ ಹೇಳಿದ್ದೂ ಹಿಂದಿನ ಬೀದಿಯವರಿಗೆ ಕೇಳಿಸುತ್ತಿತ್ತು. ಚರ್ಚೆಯ ವಿಷಯ ಯಾವಾಗಲೂ ಒಂದೇ: ಬೀದಿ ಮೂಲೆಯಲ್ಲಿ ಬಾಯ್ತೆರೆದು ಕೂತಿದ್ದ ಚರಂಡಿ. ಅದಕ್ಕೆ ಚಪ್ಪಡಿ ಕಲ್ಲು ಮುಚ್ಚಬೇಕು ಅಂತ ಎದುರುಮನೆ ಟೈಲರಮ್ಮ. ಕಬ್ಬಿಣದ ಜಾಲರಿಯೇ ಆಗಬೇಕು ಅಂತ ವೆಲ್ಡರು. ಮಳೆಗಾಲ ಬಂತು, ಹೋಯಿತು. ಕಾಗದ ಹಂಚುವ ಪೋಸ್ಟಮ್ಮ ಸೈಕಲ್ ಸಮೇತ ಅದರೊಳಗೆ ಬಿದ್ದಳು, ಎದ್ದಳು. ಚರ್ಚೆ ಮಾತ್ರ ಮುಗಿಯಲಿಲ್ಲ.

ಕೊನೆಗೊಂದು ರಾತ್ರಿ ಬೇಕರಿಯವ ನಿಂತಲ್ಲೇ ತೂಕಡಿಸಿದ. ಒಂದು ಒಲೆ ತುಂಬ ಬ್ರೆಡ್ಡು ಇದ್ದಿಲಾಯಿತು. ಮಾಲೀಕ ಹತ್ತಿರ ಬಂದು ಒಂದನ್ನು ಎತ್ತಿ ಮೇಜಿಗೆ ಕುಟ್ಟಿ ನೋಡಿದ. "ಇನ್ನೊಂದು ಸಲ ಹೀಗಾದ್ರೆ, ಹಗಲೂ ರಾತ್ರೀನೂ ಮನೇಲೇ ಮಲಗಿರಪ್ಪ" ಅಂದ.

ಬೇಕರಿಯವ ಬೆಳಗಿನ ಜಾವ ಮನೆ ಕಡೆ ನಡೆಯುತ್ತಾ ಒಂದು ತೀರ್ಮಾನಕ್ಕೆ ಬಂದ. ಬೆಂಚು ಇಲ್ಲಿರಕೂಡದು. ಸಂಘದವರಿಗೆ ಹೇಳಿ ನೋಡೋಣವೆಂದರೆ ಅದರ ಮೇಲೂ ಒಂದು ಸಭೆ ಮಾಡುತ್ತಾರೆ, ಅದೂ ಇದೇ ಬೆಂಚಿನ ಮೇಲೆ. ಸದ್ದಿಲ್ಲದೆ ಎಳೆದುಕೊಂಡು ಹೋಗಿ ಬೀದಿ ಕೊನೆಯ ಪಾರ್ಕಿನಲ್ಲಿ ಬಿಟ್ಟು ಬಂದರಾಯಿತು. ಯಾರು ಕೇಳಿದರೂ ನನಗೇನು ಗೊತ್ತು ಅಂದರಾಯಿತು.

ಆದರೆ ಬೆಂಚು ಸದ್ದಿಲ್ಲದೆ ಹೊರಡುವ ಜಾತಿಯದಲ್ಲ. ಎಳೆದ ತಕ್ಷಣ ಅದರ ಕಬ್ಬಿಣದ ಕಾಲುಗಳು ಚುಚ್ಚುಮದ್ದು ಕಂಡ ಕೂಸಿನಂತೆ ಕಿರುಚಿಕೊಂಡವು. ಪಟ್ಟನೆ ಎದುರುಮನೆ ಕಿಟಕಿ ತೆರೆಯಿತು.

"ಯಾರದು?" ಟೈಲರಮ್ಮನ ದನಿ.

"ನಾನು ಅಕ್ಕಾ."

"ಬೆಂಚು ಎತ್ಕೊಂಡು ಎಲ್ಲಿಗೆ ಹೊರಟ್ರಿ?"

ನಿದ್ದೆಗೆಟ್ಟ ತಲೆಗೆ ಹೊಳೆದದ್ದು ಒಂದೇ ಸುಳ್ಳು. "ಕಾಲು ಅಲ್ಲಾಡ್ತಿತ್ತು ಅಕ್ಕಾ. ಸರಿ ಮಾಡಿಸೋಣ ಅಂತ..."

ಟೈಲರಮ್ಮನ ಕಣ್ಣು ತುಂಬಿ ಬಂತು. "ರಾತ್ರಿಯೆಲ್ಲ ಬೆಂಕಿ ಮುಂದೆ ಬೆಂದು ಬಂದು, ಮಲಗೋದು ಬಿಟ್ಟು ನಮ್ಮ ಬೆಂಚಿನ ಯೋಚನೆನಾ! ಇರಿ, ನೀವ್ಯಾಕೆ ಹೊರಬೇಕು? ಏ ವೆಲ್ಡರೂ! ಬೇಗ ಬಾರಪ್ಪಾ!"

ವೆಲ್ಡರು ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಓಡಿ ಬಂದ. "ಯಾವ ಕಾಲು?"

ಬೇಕರಿಯವ ಕಣ್ಣುಮುಚ್ಚಿ ಒಂದು ಕಾಲು ತೋರಿಸಿದ. ವೆಲ್ಡರು ಅಲ್ಲಾಡಿಸಿ ನೋಡಿದ. ಅದು ಕಂಬದ ಹಾಗೆ ನಿಂತಿತ್ತು. "ಇದಕ್ಕೇನೂ ಆಗಿಲ್ಲವಲ್ರೀ!"

"ಹಲ್ಲುಜ್ಜುತ್ತಾ ನೋಡಿದ್ರೆ ನಿನಗೇನು ಗೊತ್ತಾಗುತ್ತೆ?" ಅಂದಳು ಬೀದಿಗಿಳಿದು ಬಂದ ಟೈಲರಮ್ಮ. "ಹೋದ ತಿಂಗಳು ಇದಕ್ಕೆ ಬೆಸುಗೆ ಹಾಕಿದ್ದು ನೀನೇ ತಾನೇ?"

ವೆಲ್ಡರಿಗೆ ರೋಷ ಬಂತು. ಬ್ರಷ್ಷು ಕಿವಿಗೆ ಸಿಕ್ಕಿಸಿ, ತನ್ನ ಬೆಸುಗೆಯ ಗಟ್ಟಿತನ ತೋರಿಸಲು ಎರಡೂ ಕೈಯಲ್ಲಿ ಕಾಲು ಹಿಡಿದು ಜಗ್ಗಿದ. ಮತ್ತೆ ಜಗ್ಗಿದ. ಮೂರನೆಯ ಸಲಕ್ಕೆ ಕಾಲು ಕಳಚಿ ಅವನ ಕೈಗೇ ಬಂತು.

ಮೂವರೂ ಅದನ್ನು ನೋಡುತ್ತಾ ನಿಂತರು.

"ಅಬ್ಬಾ, ಎಂಥಾ ಕಣ್ಣು ರೀ ನಿಮ್ಮದು!" ವೆಲ್ಡರು ಉಸುರಿದ. "ಅಧ್ಯಕ್ಷರು ಕೂತಿರುವಾಗ ಮುರಿದಿದ್ರೆ?"

ಅಷ್ಟರಲ್ಲಿ ಅಧ್ಯಕ್ಷರೇ ಬಂದರು. ಸುದ್ದಿ ಕೇಳಿ ತಮ್ಮ ಸೊಂಟವನ್ನೊಮ್ಮೆ ಸವರಿಕೊಂಡರು, ಬೇಕರಿಯವನ ಕೈಯನ್ನು ಹಿಡಿದು ಕುಲುಕಿದರು. "ನನ್ನ ಸೊಂಟ ಉಳಿಸಿದ್ರಿ! ಇಂಥವರು ನಮ್ಮ ಬೀದೀಲಿ ಇದ್ದಾರೆ ಅಂತ ನಮಗೇ ಗೊತ್ತಿರಲಿಲ್ಲ!" ಆ ಕೂಗಿಗೆ ಬೀದಿಯ ಉಳಿದ ಬಾಗಿಲುಗಳೂ ತೆರೆದವು.

"ಸರಿ, ನಾನಿನ್ನು ಮಲಗ್ತೀನಿ" ಅಂದ ಬೇಕರಿಯವ.

"ನೀವೇ ಇಲ್ಲದಿದ್ರೆ ಹೇಗೆ? ಇನ್ನೂ ಏನೇನು ಅಲ್ಲಾಡ್ತಿದೆ ಅಂತ ನಮಗೇನು ಕಾಣುತ್ತೆ?" ಅಂದರು ಅಧ್ಯಕ್ಷರು.

ವೆಲ್ಡಿಂಗ್ ಯಂತ್ರ ಬೀದಿಗೆ ಬಂತು. ಬೆಂಚು ಉಳಿದ ಮೂರು ಕಾಲೂ ಮೇಲೆ ಮಾಡಿ ಅಂಗಾತ ಮಲಗಿತು. ಬೇಕರಿಯವ ಅದನ್ನು ಹೊಟ್ಟೆಕಿಚ್ಚಿನಿಂದ ನೋಡಿದ. ಅವನ ಹೆಂಡತಿ ಯಾರದೋ ಮನೆಯಲ್ಲಿ ಉಳಿದಿದ್ದ ಹಸಿರು ಬಣ್ಣ ಹಿಡಿದು ಬಂದಳು. "ನೀವು ಇಷ್ಟು ಒಳ್ಳೆಯವರು ಅಂತ ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದು ಕುಂಚವನ್ನು ಗಂಡನ ಕೈಗಿಟ್ಟಳು.

ಬೆಂಚು ಮಗುಚಿದ್ದರಿಂದ ಆ ದಿನದ ಸಭೆಗೆ ಕೂರಲು ಜಾಗವಿರಲಿಲ್ಲ. ಎಲ್ಲರೂ ನಿಂತೇ ಚರಂಡಿಯ ಮಾತು ತೆಗೆದರು. ಚಪ್ಪಡಿ, ಜಾಲರಿ, ಚಪ್ಪಡಿ, ಜಾಲರಿ. ಬೇಕರಿಯವನ ತಲೆಯೊಳಗೆ ಏನೋ ಪಟಕ್ಕೆಂದಿತು. ಅವನು ಹಸಿರು ಕುಂಚ ಎತ್ತಿ ಹಿಡಿದು ಅರಚಿದ: "ಎರಡು ಪಕ್ಕಕ್ಕೂ ಚಪ್ಪಡಿ ಹಾಸ್ರಿ! ನಡುವೆ ನೀರಿಳಿಯೋಕೆ ಜಾಲರಿ ಹಾಕ್ರಿ! ಮುಗೀತಲ್ಲ!"

ಅಷ್ಟು ದಿನದ ಚರ್ಚೆಯಲ್ಲಿ 'ಎರಡೂ' ಎಂಬ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ಟೈಲರಮ್ಮ ವೆಲ್ಡರನ್ನು ನೋಡಿದಳು. ವೆಲ್ಡರು ಟೈಲರಮ್ಮನನ್ನು ನೋಡಿದ. ಇಬ್ಬರಿಗೂ ಸೋಲಿಲ್ಲ!

"ಚಪ್ಪಡಿ ನಮ್ಮ ಹಿತ್ತಲಲ್ಲೇ ಬಿದ್ದಿವೆ" ಅಂದಳು ಅವಳು.

"ಸರಳು ನನ್ನ ಅಂಗಡೀಲಿದೆ, ಯಂತ್ರ ಇಲ್ಲೇ ಇದೆ" ಅಂದ ಅವನು.

ಆಮೇಲೆ ಆ ಬೀದಿಯನ್ನು ಹಿಡಿಯುವವರೇ ಇರಲಿಲ್ಲ. ಒಬ್ಬರು ಗುದ್ದಲಿ ತಂದರು, ಒಬ್ಬರು ಹಾರೆ. ಅಧ್ಯಕ್ಷರು "ಏಕ್! ದೋ!" ಎಂದು ಕೂಗಿ ಚಪ್ಪಡಿ ಎತ್ತಿಸಿದರು. ಬೇಕರಿಯವನೂ ಕುಂಚವನ್ನು ಹೆಂಡತಿಗೆ ಕೊಟ್ಟು ಒಂದು ತುದಿ ಹಿಡಿದ. ರಾತ್ರಿಯೆಲ್ಲ ಹಿಟ್ಟು ನಾದಿದ ತೋಳಲ್ಲವೇ, ಯಾರೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚರಂಡಿಯ ಬಾಯಿ ಮುಚ್ಚಿತ್ತು. ಪೋಸ್ಟಮ್ಮ ಬಂದವಳು ಅಭ್ಯಾಸಬಲದಿಂದ ಸೈಕಲ್ಲು ಇಳಿದಳು, ನೋಡಿದಳು, ಮತ್ತೆ ಹತ್ತಿ ಗಂಟೆ ಬಾರಿಸುತ್ತಾ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಸುಮ್ಮಸುಮ್ಮನೆ ಓಡಿಸಿದಳು. ಎಲ್ಲರ ಜೊತೆ ಬೇಕರಿಯವನೂ ಚಪ್ಪಾಳೆ ತಟ್ಟಿದ. ಅವನೆದೆಯಲ್ಲಿ ಏನೋ ಹಿಟ್ಟು ಉಬ್ಬಿದ ಹಾಗೆ ಹಿತವಾಗಿ ಉಬ್ಬಿತು.

ಅಷ್ಟರಲ್ಲಿ ಒಂದು ಮಿನಿ ಲಾರಿ ಬಂದು ನಿಂತಿತು. ಚಾಲಕ ಇಳಿದು ಕೇಳಿದ, "ಬೆಂಚು ಯಾವುದು ಸಾರ್? ಪಾರ್ಕಿಗೆ ಸಾಗಿಸಬೇಕು ಅಂದಿದ್ರಲ್ಲ?"

ಬೇಕರಿಯವನ ಚಪ್ಪಾಳೆ ಅರ್ಧಕ್ಕೇ ನಿಂತಿತು.

ಅಧ್ಯಕ್ಷರು ಮುಜುಗರದಿಂದ ಕೆಮ್ಮಿದರು. "ಅದು... ಏನಾಯ್ತು ಅಂದ್ರೆ, ಮೊನ್ನೆ ನೀವು ಲೈಟುಕಂಬದ ಮುಂದೆ ನಿಂತು 'ಒಂದು ಲೀಟರ್ ಹಾಲು ಕೊಡಪ್ಪಾ' ಅಂತಿದ್ದದ್ದನ್ನ ನಾನು ಕಂಡೆ. ಕರುಳು ಚುರುಕ್ ಅಂತು. ನಮ್ಮ ಮಾತಿನಿಂದಲೇ ನಿಮ್ಮ ನಿದ್ದೆ ಹಾಳಾಗ್ತಿದೆ ಅಂತ ನಿನ್ನೆ ಸಂಜೆ ಎಲ್ಲರೂ ಸೇರಿ ಬೆಂಚನ್ನ ಇಲ್ಲಿಂದ ಎತ್ತಿಸೋಕೆ ನಿರ್ಧಾರ ಮಾಡಿದ್ವಿ. ಸಂಘ ಒಮ್ಮತದಿಂದ ಮಾಡಿದ ಮೊದಲ ನಿರ್ಧಾರ ಅದು. ಆದ್ರೆ ನಿಮಗೆ ಈ ಬೆಂಚಿನ ಮೇಲೆ ಇಷ್ಟೊಂದು ಪ್ರೀತಿ ಅಂತ ಇವತ್ತು ತಾನೇ ಗೊತ್ತಾಯ್ತು! ಇಲ್ಲಪ್ಪ ಡ್ರೈವರೇ, ಬೆಂಚು ಇಲ್ಲೇ ಇರುತ್ತೆ."

"ಬೇಡ ಬೇಡ! ತಗೊಂಡು ಹೋಗಿ!" ಬೇಕರಿಯವ ಬೆಂಚಿನ ತುದಿ ಹಿಡಿದು ಲಾರಿಯತ್ತ ಎಳೆದ.

"ನೋಡಿ, ನಮಗೋಸ್ಕರ ಅದನ್ನೂ ಬಿಟ್ಟುಕೊಡ್ತಾರಂತೆ!" ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಲ್ಲಾ ಅಕ್ಕಾ! ನಿಜ ಹೇಳ್ತೀನಿ, ನಾನು ಬೆಳಿಗ್ಗೆ ಇದನ್ನ ಕದ್ದು ಸಾಗಿಸ್ತಿದ್ದೆ!"

ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇಷ್ಟು ತಮಾಷೆಯ ಮನುಷ್ಯ ಇಷ್ಟು ದಿನ ಬಾಗಿಲು ಹಾಕಿಕೊಂಡು ಮಲಗಿದ್ದನಲ್ಲ ಎಂದು ವೆಲ್ಡರು ಬೇಸರಪಟ್ಟುಕೊಂಡ.

"ಗಾಡಿ ಖಾಲಿ ಹೋಗೋದು ಬೇಡ" ಅಂದರು ಅಧ್ಯಕ್ಷರು. "ಪಾರ್ಕಿನಲ್ಲಿ ನಮ್ಮ ಸಂಘದ್ದೇ ಇನ್ನೊಂದು ಬೆಂಚಿದೆ, ಯಾರೂ ಕೂರಲ್ಲ. ಅದನ್ನೂ ಇಲ್ಲಿಗೇ ಹಾಕ್ಸೋಣ. ಇನ್ನು ಮೇಲೆ ಜನ ಜಾಸ್ತಿ ಬರ್ತಾರೆ."

ಹೀಗೆ ಕಿಟಕಿಯ ಕೆಳಗೆ ಎರಡು ಬೆಂಚುಗಳಾದವು. ಬಣ್ಣ ಒಣಗದ ಬೆಂಚಿನ ಪಕ್ಕದ್ದರಲ್ಲಿ ಬೇಕರಿಯವನನ್ನು ನಡುವೆ ಕೂರಿಸಿ ಹೊಸ ಚರ್ಚೆ ಎತ್ತಿದರು: ಕೆಟ್ಟುಹೋದ ಬೀದಿದೀಪಕ್ಕೆ ಬಿಳಿ ಬಲ್ಬು ಹಾಕಬೇಕೋ ಹಳದಿಯೋ? ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದು ಅವನು ನಿಜವಾಗಿಯೂ ಎದ್ದ. ಆಗ ವೆಲ್ಡರು "ಹಳದೀನೇ ಸರಿ" ಅಂದ.

"ಯಾರು ಹೇಳಿದ್ದು?" ಬೇಕರಿಯವ ತಿರುಗಿ ನಿಂತ. "ಕತ್ತಲಲ್ಲಿ ದಿನಾ ಕೆಲಸಕ್ಕೆ ಹೋಗೋನು ನಾನಾ ನೀವಾ? ಬಿಳೀದೇ ಬೇಕು!"

ಅವನು ಮತ್ತೆ ಕೂತ. ತೋಳು ಮೇಲೇರಿಸಿದ. ಅವನ ದನಿ ಅಧ್ಯಕ್ಷರ ದನಿಯನ್ನೂ ಮೀರಿ ಹಿಂದಿನ ಬೀದಿ ದಾಟಿತು.

ಅಷ್ಟರಲ್ಲಿ ಮೇಲಿನ ಕಿಟಕಿ ದಡಾರನೆ ತೆರೆಯಿತು. ಬಣ್ಣ ಬಳಿದು ದಣಿದು ಆಗಷ್ಟೇ ಅಡ್ಡಾಗಿದ್ದ ಹೆಂಡತಿ ಕಂಬಳಿ ಸರಿಸಿ ತಲೆ ಹೊರಹಾಕಿದಳು.

"ಯಾರ್ರೀ ಅದು ಅಷ್ಟು ಜೋರಾಗಿ? ಮಲಗೋರು ಮಲಗೋದು ಬೇಡ್ವಾ?"