ಅತ್ತೆಗೆ ತಕ್ಕ ಪೆಟ್ಟಿಗೆ

"ಮೊದಲು ಚಿತ್ರ, ಆಮೇಲೆ ಗರಗಸ! ಸ್ಕೆಚ್ ಪುಸ್ತಕ ಇಲ್ಲದೋನು ಬರೀ ಬಡಗಿ. ಇರೋನು ಕಲಾವಿದ!" ಎಂದು ಲಾರ್ಟೆ ಎಂಬಾತ ಟೆಶಿ ಊರಿನ ಬೀದಿಯಲ್ಲಿ ಎದೆಯುಬ್ಬಿಸಿ ಸಾರುತ್ತಿದ್ದ.

ಅವನ ಕಲೆ ಶವಪೆಟ್ಟಿಗೆಯದು. ಟೆಶಿಯವರು ಸಾದಾ ಪೆಟ್ಟಿಗೆಯಲ್ಲಿ ಮಲಗಿ ಹೋಗುವ ಪೈಕಿಯವರಲ್ಲ. ಬೆಸ್ತನಿಗೆ ದೋಣಿಯಾಕಾರದ ಪೆಟ್ಟಿಗೆ, ಡ್ರೈವರನಿಗೆ ಲಾರಿ, ಕುಡುಕನಿಗೆ ಬಿಯರ್ ಬಾಟಲಿ! ಮನೆಮಂದಿ ಗೋಳಾಡುವ ಹೊತ್ತಿಗೆ ಆಕಾರ ಯೋಚಿಸುವುದು ಅಡ್ಡಕಸುಬಿಗಳ ಕೆಲಸ. ಬದುಕಿರುವಾಗಲೇ ನೋಡಿ ಬರೆದಿಟ್ಟುಕೊಳ್ಳಬೇಕು ಎಂದು ಲಾರ್ಟೆ ಶಪಥ ಮಾಡಿದ.

ಶಪಥಕ್ಕೆ ಮೊದಲು ಸಿಕ್ಕಿದ್ದು ಅತ್ತೆ! ಸಂತೆಯಲ್ಲಿ ಹೊಗೆಯಲ್ಲಿ ಒಣಗಿಸಿದ ಮೀನು ಮಾರುವ ಡೆಡೇ, ನೆಗಡಿಯ ನೆಪದಲ್ಲಿ ಮಗಳ ಮನೆಗೆ ಬಂದು ಅಳಿಯನ ಮಂಚವನ್ನೇ ಹಿಡಿದಿದ್ದರು. ಅಳಿಯ ಮರದ ಹಲಗೆಗಳ ಮೇಲೆ ಮಲಗಿ ಸೊಂಟ ಹಿಡಿಸಿಕೊಂಡಿದ್ದ. ಅತ್ತೆ ಶನಿವಾರ ಹೊರಡುತ್ತಾರೆ ಎಂಬ ಒಂದೇ ಆಸೆಯಲ್ಲಿ ಪಾಪ, ಜೀವ ಹಿಡಿದುಕೊಂಡಿದ್ದ.

ಶುಕ್ರವಾರ ಮಧ್ಯಾಹ್ನ ಅತ್ತೆ ಮೆಕ್ಕೆಜೋಳದ ಕೆಂಕೆ ಉಂಡೆ, ಕರಿದ ಮೀನು ಮುಗಿಸಿ ಗೊರಕೆ ಹೊಡೆಯುತ್ತಿದ್ದಾಗ ಲಾರ್ಟೆ ಪಕ್ಕದಲ್ಲಿ ಕೂತು ಪೆನ್ಸಿಲ್ ಆಡಿಸಿದ. ದೊಡ್ಡದೊಂದು ಮೀನು, ಅದರ ಹೊಟ್ಟೆಯೊಳಗೆ ಅತ್ತೆ. ಎಷ್ಟು ಸೊಗಸಾಗಿ ಬಂತೆಂದರೆ, ಆ ಖುಷಿಯಲ್ಲಿ ಟೇಪು ಹಿಡಿದು ಅತ್ತೆಯನ್ನು ಅಳೆಯಲೂ ಹೊರಟ.

ಹೆಂಡತಿ ಕೊರ್ಕೊಯ್ ಬಾಗಿಲಲ್ಲೇ ಕಿರುಚಿದಳು. "ಅಯ್ಯೋ, ಏನ್ರೀ ಇದು! ಅಮ್ಮನಿಗೆ ಬರೀ ನೆಗಡಿ ಕಣ್ರೀ!"

"ಶ್! ಇದೂ ಬರೀ ಕಲೆ ಕಣೇ!"

ಅತ್ತೆಗೆ ಎಚ್ಚರವಾಯಿತು. ಟೇಪು ನೋಡಿದರು. ಪುಸ್ತಕ ಕಸಿದುಕೊಂಡರು. ಲಾರ್ಟೆ ಟೇಪನ್ನು ಬೆನ್ನ ಹಿಂದೆ ಅಡಗಿಸಿದ.

"ಇದು ನಾನೇನು?"

"ತಪ್ಪಾಯ್ತು ಅತ್ತೆ..."

"ತಪ್ಪಲ್ದೆ ಮತ್ತೇನು! ಜೀವಮಾನವೆಲ್ಲ ಮೀನಿನ ನಾತದಲ್ಲಿ ಬೆಂದಿದ್ದೀನಿ. ಸತ್ತ ಮೇಲೂ ಅದರ ಹೊಟ್ಟೇಲೇ ಮಲಗಬೇಕೇನಯ್ಯಾ? ವಿಮಾನ ಬರಿ!"

ಬರೆದ. "ರೆಕ್ಕೆ ಸಣ್ಣದಾಯ್ತು." ತಿದ್ದಿದ. "ಕಿಟಕಿ ಎಲ್ಲಿ? ದಾರಿಯುದ್ದಕ್ಕೂ ಗೋಡೆ ನೋಡ್ಕೊಂಡು ಹೋಗ್ಲಾ?" ಕಿಟಕಿ ಬಂತು. "ಅದಕ್ಕೆ ಪರದೆ?" ಪರದೆಯೂ ಬಂತು! ರಾತ್ರಿಯೊಳಗೆ ಪುಸ್ತಕದ ಹಾಳೆಗಳು ಮುಗಿದವು. ಅತ್ತೆಯ ತಕರಾರು ಮುಗಿಯಲಿಲ್ಲ.

ಶನಿವಾರ ಬೆಳಗ್ಗೆ ಲಾರ್ಟೆ ತಾನೇ ಅತ್ತೆಯ ಗಂಟು ಹೊತ್ತು ತಂದು ಬಾಗಿಲಲ್ಲಿಟ್ಟ. "ಬಸ್ಸಿಗೆ ಹೊತ್ತಾಯ್ತು ಅತ್ತೆ. ಚಿತ್ರ ನಿಧಾನಕ್ಕೆ ಬರೆದು ಕಳಿಸ್ತೀನಿ."

ಅತ್ತೆ ಮಂಚದ ಮೇಲೆ ದಿಂಬು ಸರಿಮಾಡಿಕೊಂಡು ಗೋಡೆಗೊರಗಿ ಕೂತರು.

"ಹೋಗಿ ಹೊಸ ಪುಸ್ತಕ ತಗೊಂಬಾರಯ್ಯ. ಚಿತ್ರ ನನಗೆ ಒಪ್ಪಿಗೆ ಆಗೋವರೆಗೂ ಇಲ್ಲಿಂದಲೂ ಏಳೋದಿಲ್ಲ, ಮೇಲಕ್ಕೂ ಹೋಗೋದಿಲ್ಲ!"